ಪಪ್ಪಾಯಿ ಹಾಲು ಮತ್ತು ಬೈಲಹೊಂಗಲದ ಬಯೋಕೆಮಿಸ್ಟ್ರಿ

ಲ್ಯಾಬ್ ಅಂದಮೇಲೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ, ಪುಸ್ತಕದಲ್ಲಿ ಬರೆದದ್ದೊಂದು ಬಿಟ್ಟು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಬೈಲಹೊಂಗಲದ ಒಂದು ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಹೊಸದಾಗಿ ಶುರುವಾಯಿತು. ಕಲಿಸುವವಳು ನಾನೊಬ್ಬಳೇ. ಧಾರವಾಡದಿಂದ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಹಳೆಯ ಸೈಕಲ್ ಸ್ಟ್ಯಾಂಡಿಗೆ ಗೋಡೆ ಎಬ್ಬಿಸಿ, ಎರಡು ಕಟ್ಟೆ ಕಟ್ಟಿ, ಒಂದು ನಳ ಹಾಕಿಸಿ ಅದಕ್ಕೆ ಲ್ಯಾಬ್ ಎಂದು ಹೆಸರಿಟ್ಟಿದ್ದರು. ಮೊದಲ ಬ್ಯಾಚು ಸರಿಯಾಗಿ ಪಾಸಾದರೆ ವಿಷಯ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಅಲ್ಲಿ ಮತ್ತೆ ಸೈಕಲ್ ನಿಲ್ಲುತ್ತವೆ ಎಂದು ಪ್ರಿನ್ಸಿಪಾಲರು ನಾನು ಸೇರಿದ ದಿನವೇ ಹೇಳಿಬಿಟ್ಟಿದ್ದರು. ಉಳಿಸಿ ತೋರಿಸುತ್ತೇನೆ ಅಂದೆ. ನನಗೆ ಆಗ ಭಾರೀ ಧೈರ್ಯ. ಈಗಲೂ ಏನೂ ಕಡಿಮೆಯಾಗಿಲ್ಲ.

ನನ್ನ ವಿಷಯದ ಮುಖ್ಯ ಪಾತ್ರಧಾರಿ ಎಂದರೆ ಎನ್‌ಝೈಮು. ಜೀವವಿರುವ ಎಲ್ಲದರ ಒಳಗೂ ಕುಳಿತು, ಆಗಬೇಕಾದ ಕೆಲಸವನ್ನು ಬೇಗ ಬೇಗ ಮಾಡಿಸುವ ಒಂದು ಜಾತಿಯ ಪ್ರೋಟೀನು ಅದು. ಕಾಲೇಜಿನಲ್ಲಿ ಕೆಲಸ ಬೇಗ ಮಾಡಿಸುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದರ ಮೇಲೆ ನನಗೆ ವಿಶೇಷ ಗೌರವ.

೧. ಬಾಯಿಗೆ ನೀರು

ಮೊದಲ ಪ್ರ್ಯಾಕ್ಟಿಕಲ್ ಎಂಜಲಿನದು. ನಮ್ಮ ಎಂಜಲಿನಲ್ಲಿರುವ ಎನ್‌ಝೈಮು ಪಿಷ್ಟವನ್ನು ಒಡೆಯುತ್ತದೆ. ಗಂಜಿಯ ನೀರಿಗೆ ಎಂಜಲು ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಹಾಕಿದಾಗ ನೀಲಿ ಬಣ್ಣ ಬರದಿದ್ದರೆ ಎನ್‌ಝೈಮು ಕೆಲಸ ಮುಗಿಸಿದೆ ಎಂದು ತಿಳಿಯಬೇಕು. ಅದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಬೀಕರಿನಲ್ಲಿ ಒಂದಿಷ್ಟು ಎಂಜಲು ಹಿಡಿಯಬೇಕು, ಅಷ್ಟೇ.

ಅಷ್ಟೇ ಆಗಲಿಲ್ಲ. ಹುಡುಗಿಯರು ಬೀಕರು ಹಿಡಿದುಕೊಂಡು ನೆಲ ನೋಡುತ್ತ ನಿಂತರು. ಹುಡುಗರು ಮಾಡು ನೋಡುತ್ತ ನಿಂತರು. ಹಿರಿಯರ ಮುಂದೆ ಉಗುಳಬಾರದು ಎಂದು ಮನೆಯಲ್ಲಿ ಹೇಳಿದ್ದನ್ನು ಎಲ್ಲರೂ ಅದೇ ದಿನ ಪಾಲಿಸಬೇಕೇ? ಬಸ್ ಸ್ಟ್ಯಾಂಡಿನ ಒಂದು ಕಂಬವನ್ನೂ ಬಿಡದೆ ಕೆಂಪು ಮಾಡಿದ ವೀರರು ಕೂಡ ಬಾಯಿ ಒಣಗಿಸಿಕೊಂಡು ನಿಂತಿದ್ದರು. ನಾನು ಹೊರಗೆ ಹೋಗಿ ನಿಂತು ನೋಡಿದೆ. ಒಳಗೆ ಬಂದಾಗಲೂ ಬೀಕರುಗಳು ತೊಳೆದಿಟ್ಟ ಹಾಗೇ ಇದ್ದವು.

ಆಗ ನಾನು ಚಾಕ್‌ಪೀಸ್ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತೆ. ಪಾಠ ಬಿಟ್ಟು ಗಿರಮಿಟ್ಟಿನ ವಿಷಯ ತೆಗೆದೆ. ಚುರಮರಿಗೆ ಹುಳಿ ಗೊಜ್ಜು ಕಲಸುವುದು, ಮೇಲೆ ಪುಠಾಣಿ ಹಿಟ್ಟು ಉದುರಿಸುವುದು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಕೊನೆಗೆ ಲಿಂಬೆಹಣ್ಣು ಹಿಂಡುವುದು. ಬಾಜೂಕ್ಕೆ ಆಗತಾನೆ ಎಣ್ಣೆಯಿಂದ ಎತ್ತಿದ ಮಿರ್ಚಿ. ಅದರಿಂದಲೂ ಬಾಯಲ್ಲಿ ನೀರೂರದವರು ಯಾರಾದರೂ ಉಳಿದಿದ್ದರೆ ಎಂದು, ತೋತಾಪುರಿ ಮಾವಿನಕಾಯಿಯನ್ನು ಉದ್ದುದ್ದ ಹೋಳು ಮಾಡಿ ಉಪ್ಪು ಖಾರ ಸವರಿ ಹಲ್ಲಿನ ನಡುವೆ ಇಡುವುದನ್ನೂ ಸಾವಕಾಶವಾಗಿ ವರ್ಣಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಬೀಕರು ಎತ್ತಿಕೊಂಡು ಕಿಟಕಿಯ ಕಡೆ ಓಡಿದ. ಆಮೇಲೆ ಎಲ್ಲರೂ ಓಡಿದರು. ಒಬ್ಬಳು ಎರಡನೇ ಬೀಕರು ಕೇಳಿದಳು.

ಪ್ರಯೋಗ ಸೊಗಸಾಗಿ ಆಯಿತು. ಆದರೆ ಬಾಗಿಲ ಬಳಿ ನಿಂತು ಕೇಳುತ್ತಿದ್ದ ನಮ್ಮ ಅಟೆಂಡರ್ ಕಾಕಾ ಕಾಣೆಯಾಗಿದ್ದರು. ಎಲ್ಲಿ ಹೋದರಪ್ಪ ಎಂದು ಸಿಟ್ಟು ಮಾಡಿಕೊಳ್ಳುವಷ್ಟರಲ್ಲಿ ಎಣ್ಣೆ ಇಳಿಯುತ್ತಿದ್ದ ಪೇಪರಿನ ಪೊಟ್ಟಣ ಹಿಡಿದು ಬಂದರು.

"ಮೇಡಮ್ಮಾರ, ಇನ್ನ ಹೇಳೂದು ಸಾಕ್ರಿ," ಅಂದರು. "ಅವರಿಗೆ ಬರೇ ಎಂಜಲ ಬಂತು. ನನಗ ಹಸಿವೂ ಬಂತು."

೨. ಭಾಳ ನಾಜೂಕ ಐತಿ

ಕೊನೆಯ ವರ್ಷದ ದೊಡ್ಡ ಕೆಲಸವೆಂದರೆ ಒಂದು ಎನ್‌ಝೈಮನ್ನು ಹಿಡಿದು, ಶುದ್ಧ ಮಾಡಿ, ಅದರ ಗುಣ ಸ್ವಭಾವ ತಿಳಿದುಕೊಳ್ಳುವುದು. ನಾನು ಪಪ್ಪಾಯಿಯದನ್ನು ಆರಿಸಿದೆ. ಕಾಯಿಯ ಮೇಲೆ ಬ್ಲೇಡಿನಿಂದ ಗೆರೆ ಎಳೆದರೆ ಹಾಲಿನಂಥ ಸೋನೆ ಇಳಿಯುತ್ತದೆ. ಅದರಲ್ಲಿ ಪ್ರೋಟೀನು ಕತ್ತರಿಸುವ ಎನ್‌ಝೈಮು ಇರುತ್ತದೆ. ಸೋನೆಯನ್ನು ಕರಗಿಸಿ, ಸೋಸಿ, ಉಪ್ಪು ಹಾಕಿ ಗಟ್ಟಿ ಮಾಡಿ, ಮತ್ತೆ ಉಪ್ಪು ತೆಗೆಯುವ ಈ ಕೆಲಸವನ್ನೆಲ್ಲ ಬರ್ಫದಲ್ಲಿ ಇಟ್ಟುಕೊಂಡೇ ಮಾಡಬೇಕು. ಇಲ್ಲವಾದರೆ ನಡುವೆ ಎಲ್ಲೋ ಅದು ಕೆಟ್ಟು ಕೂರುತ್ತದೆ. ದೊಡ್ಡ ಊರಿನ ಲ್ಯಾಬುಗಳಲ್ಲಿ ಇದಕ್ಕೆಂದೇ ತಣ್ಣನೆಯ ಕೋಣೆ ಇರುತ್ತದೆ. ನಮಗೆ ಪೇಟೆಯಲ್ಲಿ ಬರ್ಫದ ಫ್ಯಾಕ್ಟರಿ ಇತ್ತು, ಕಾಕಾ ಅವರ ಹತ್ತಿರ ಸೈಕಲ್ ಇತ್ತು.

ಚಳಿ ಇನ್ನೂ ಬಿಟ್ಟಿರದ ಒಂದು ಮುಂಜಾನೆ ಅವರನ್ನು ಕಳಿಸಿದೆ. ಎನ್‌ಝೈಮು ಹಾಳಾಗುವ ಮೊದಲು ಬರಬೇಕು ಎಂದು ಎರಡು ಸಲ ಹೇಳಿದ್ದೆ. ಕಾಕಾ ಮಾತು ಕಡಿಮೆಯ ಮನುಷ್ಯ, ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳುವವರು. ಅಂಥ ಚಳಿಯಲ್ಲಿ ಊರಿನಲ್ಲಿ ಇಡೀ ಬರ್ಫದ ಗಡ್ಡೆ ಒಯ್ಯುವುದೆಂದರೆ ಒಂದೇ ಕಾರಣಕ್ಕೆ, ಪುಣೆಯಿಂದಲೋ ಮುಂಬಯಿಯಿಂದಲೋ ಮಕ್ಕಳು ಬರುವ ತನಕ ಹೆಣ ಇಟ್ಟುಕೊಳ್ಳಲಿಕ್ಕೆ. ಫ್ಯಾಕ್ಟರಿಯ ಮಾಲೀಕರು ನಮ್ಮ ಕಾಲೇಜಿನಲ್ಲೇ ಓದಿದ ವ್ಯಾಪಾರಸ್ಥರು. ದನಿ ಇಳಿಸಿ, ಯಾರು ಹೋದರು ಎಂದು ಕೇಳಿದರಂತೆ.

"ಇನ್ನೂ ಹೋಗಿಲ್ಲರಿ," ಅಂದರಂತೆ ಕಾಕಾ. "ಹೋಗಬಾರದು ಅಂತನ ಬರ್ಫ ಒಯ್ಯಾಕತ್ತೇನಿ. ಕಾಲೇಜಿನ್ಯಾಗ ಭಾಳ ನಾಜೂಕ ಐತಿ. ಮೇಡಮ್ಮಾರು ಮುಂಜಾನಿಂದ ಬಾಜೂಕ ಕುಂತಾರ."

ಮಾಲೀಕರು ಉಳಿದದ್ದನ್ನು ತಾವೇ ಜೋಡಿಸಿಕೊಂಡರು. ಆ ವಾರ ನಮ್ಮ ಪ್ರಿನ್ಸಿಪಾಲರಿಗೆ ಕೆಮ್ಮು ಜೋರಾಗಿ ಅವರು ಪೇಟೆಯ ಕಡೆ ಬಂದೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರಿವೆ ಅಂಗಡಿಯವರಿಗೆ ಪ್ರಿನ್ಸಿಪಾಲರ ಸ್ಥಿತಿ ನಾಜೂಕ ಎಂದು ಗೊತ್ತಾಯಿತು. ಸುದ್ದಿ ಕಾಳಿನ ಪೇಟೆ ಮುಟ್ಟುವಷ್ಟರಲ್ಲಿ ಪ್ರಿನ್ಸಿಪಾಲರು ತೀರಿಹೋಗಿದ್ದರು.

ಊಟದ ಬಿಡುವಿನ ನಂತರ ಹಳೆಯ ವಿದ್ಯಾರ್ಥಿಗಳ ಗುಂಪೊಂದು ಗೇಟಿನಲ್ಲಿ ಕಾಣಿಸಿತು. ಎಲ್ಲರ ಮುಖ ಇಳಿದಿತ್ತು. ಮುಂದೆ ಬರ್ಫದ ಮಾಲೀಕರು, ಅವರ ಕೈಯಲ್ಲಿ ಸೇವಂತಿಗೆಯ ದಪ್ಪ ಹಾರ. ಮೆಟ್ಟಿಲ ಮೇಲೆ ಪ್ರಿನ್ಸಿಪಾಲರು ನಿಂತು ತಡವಾಗಿ ಬಂದ ಹುಡುಗರನ್ನು ದಬಾಯಿಸುತ್ತಿದ್ದರು. ಗುಂಪು ಅಲ್ಲೇ ನಿಂತಿತು. ಮಾಲೀಕರು ಹಾರವನ್ನು ಬೆನ್ನ ಹಿಂದೆ ಸೇರಿಸಿದರು. ಆರೋಗ್ಯ ಹೇಗಿದೆ ಎಂದು ಕೇಳಿಕೊಂಡು ಹೋಗಲು ಬಂದದ್ದಾಗಿ ತಡವರಿಸಿ ಹೇಳಿದರು. ಪ್ರಿನ್ಸಿಪಾಲರು ಎಲ್ಲರ ಮುಖ ನೋಡಿದರು, ಬೆನ್ನ ಹಿಂದಿನಿಂದ ಇಣುಕುತ್ತಿದ್ದ ಸೇವಂತಿಗೆ ನೋಡಿದರು. ಇಡೀ ಕಥೆ ಅವರಿಗೆ ತಿಳಿದುಹೋಯಿತು. ಕುತ್ತಿಗೆ ಮುಂದೆ ಮಾಡಿದರು.

"ಮುಚ್ಚಬ್ಯಾಡ್ರಿ, ಹಾಕ್ರಿ," ಅಂದರು. "ಆಮ್ಯಾಲ ಹಾಕಿದ್ರ ನನಗ ಕಾಣೂದಿಲ್ಲ."

೩. ಸುಧಾರಣೆ

ಶುದ್ಧ ಮಾಡುವುದೆಂದರೆ ಜೋಳ ಹಸನು ಮಾಡಿದ ಹಾಗೆ. ಹೊಟ್ಟು ಹೋಗುತ್ತ ಹೋದಂತೆ ಮೊರದಲ್ಲಿ ಕಾಳೇ ಹೆಚ್ಚಾಗಬೇಕು. ಹಾಗೆಯೇ ಒಂದೊಂದು ಹಂತ ದಾಟಿದಾಗಲೂ ಎನ್‌ಝೈಮಿನ ಚುರುಕು ಹಿಂದಿನದಕ್ಕಿಂತ ಏರಬೇಕು. ಒಂದು ಬಿಟ್ಟು ಉಳಿದ ಎಲ್ಲ ಗುಂಪುಗಳದೂ ಏರಿತು. ಎಷ್ಟು ಚೆಂದ ಏರಿತೆಂದರೆ ಪುಸ್ತಕದಲ್ಲಿ ಏರಿದಷ್ಟೇ, ದಶಾಂಶದ ಚುಕ್ಕೆಯೂ ತಪ್ಪದೆ ಏರಿತು. ಅವರನ್ನೆಲ್ಲ ಮತ್ತೆ ಮೊದಲಿನಿಂದ ಮಾಡಲು ಹಚ್ಚಿದೆ.

ರಾಮದುರ್ಗದಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಹುಡುಗಿಯ ಗುಂಪಿನದು ಮಾತ್ರ ಹಂತಹಂತಕ್ಕೂ ಇಳಿದಿತ್ತು. ಬಂದದ್ದನ್ನು ಬಂದ ಹಾಗೆ ಬರೆದಿದ್ದಳು. ಉಪ್ಪು ತೆಗೆಯಲು ಎನ್‌ಝೈಮನ್ನು ಒಂದು ತೆಳ್ಳನೆಯ ಚೀಲದಲ್ಲಿ ಹಾಕಿ ನೀರಿನಲ್ಲಿ ತೇಲಿಬಿಡಬೇಕು. ಆ ಚೀಲದ ಗಂಟು ಬಿಚ್ಚಿ ಅರ್ಧ ಮಾಲು ಮೋರಿ ಸೇರಿತ್ತು. ಉಳಿದರ್ಧ ಬಿಸಿಲಿಗೆ ಇಟ್ಟು ಮರೆತಿದ್ದರು.

ಅದೇ ದಿನ ಆಡಳಿತ ಮಂಡಳಿಯ ಅಧ್ಯಕ್ಷರು, ಹೊಸ ವಿಷಯ ಹೇಗೆ ನಡೆದಿದೆ ನೋಡೋಣ ಎಂದು ಕಮಿಟಿಯವರನ್ನೆಲ್ಲ ಕಟ್ಟಿಕೊಂಡು ಲ್ಯಾಬಿಗೆ ಬಂದರು. ಬಂದವರು ಸೀದಾ ಅವಳ ಮುಂದೆಯೇ ನಿಂತು, ಅಂಕಿಗಳು ಮೇಲಿಂದ ಕೆಳಗೆ ಯಾಕೆ ಇಳಿಯುತ್ತಿವೆ ಎಂದು ಕೇಳಿದರು. ಹುಡುಗಿ ಒಂದಿಷ್ಟೂ ಅಂಜಲಿಲ್ಲ.

"ಗಿಡದಾಗ ಇದ್ದಾಗ ಛಲೋನ ಇತ್ತರಿ, ಸಾಹೇಬ್ರ. ಆಮ್ಯಾಲ ನಾವು ನಾಲ್ಕು ಮಂದಿ ಕೂಡಿ ಸುಧಾರಣಾ ಮಾಡಿದ್ವಿ."

ಅಧ್ಯಕ್ಷರು ಹಿಂದೆ ತಿರುಗಿ ತಮ್ಮ ಕಮಿಟಿಯವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ನಮ್ಮ ಕೆಲಸಾ ಈಕಿಗೆ ಯಾರು ಹೇಳಿದ್ರೋ?"

೪. ಕೆಎಂ ಬರೂದಿಲ್ಲ

ಎನ್‌ಝೈಮಿನ ಸ್ವಭಾವ ಹೇಳುವ ಒಂದು ಅಂಕಿ ಇದೆ. ಅದರ ಕೆಲಸ ಪೂರ್ತಿ ವೇಗದ ಅರ್ಧಕ್ಕೆ ಮುಟ್ಟಬೇಕಾದರೆ ಅದಕ್ಕೆ ಕತ್ತರಿಸಲು ಎಷ್ಟು ಮಾಲು ಹಾಕಬೇಕು ಎಂಬುದರ ಲೆಕ್ಕ. ಅದಕ್ಕೆ ಕೆಎಂ ಎನ್ನುತ್ತಾರೆ. ಸವದತ್ತಿಯ ಹುಡುಗನೊಬ್ಬ ಈ ಕೆಎಂನ ಬೆನ್ನು ಹತ್ತಿ ಸೋತು ಸುಣ್ಣವಾಗಿದ್ದ. ಅದೇ ಸಮಯಕ್ಕೆ ಅವನ ತಂದೆ, ಮಗ ಹೇಗೆ ಓದುತ್ತಿದ್ದಾನೆ ಎಂದು ಕೇಳಲು ಬಂದರು. ಸರಕಾರಿ ಬಸ್ಸಿನ ಡ್ರೈವರ್. ಗಾಡಿಯನ್ನು ಸ್ಟ್ಯಾಂಡಿನಲ್ಲಿ ಹಚ್ಚಿ, ಖಾಕಿಯಲ್ಲೇ ಬಂದಿದ್ದರು.

ಹುಡುಗ ಛಲೋ ಇದ್ದಾನೆ, ಆದರೆ ಕೆಎಂ ಒಂದು ಬರುತ್ತಿಲ್ಲ ಎಂದೆ. ಅವರ ಮುಖ ಕೂಡಲೇ ಗಂಭೀರವಾಯಿತು. ಕುರ್ಚಿ ಮುಂದೆ ಎಳೆದುಕೊಂಡು, ಈಗ ಎಷ್ಟು ಬರುತ್ತಿದೆ ಎಂದು ಕೇಳಿದರು. ಒಂದು ದಿನ ಒಂದು ಬರುತ್ತದೆ, ಮರುದಿನ ಇನ್ನೊಂದು ಎಂದೆ. ಒಬ್ಬನೇ ನೋಡಿಕೊಳ್ಳುತ್ತಾನೋ, ಕೈ ಬದಲಾಗುತ್ತದೋ ಎಂದು ಕೇಳಿದರು. ನಾಲ್ಕು ಮಂದಿ ಸೇರಿ ಮಾಡುತ್ತಾರೆ ಎಂದೆ. ಹಾಗಾದರೆ ಬರುವುದು ಕಷ್ಟ, ಒಬ್ಬೊಬ್ಬರು ಒಂದೊಂದು ನಮೂನೆ ಒತ್ತುತ್ತಾರೆ, ಸಾವಕಾಶ ಕಾಲು ಎತ್ತಲು ಹೇಳಿರಿ ಎಂದರು. ಕಾಲು ಎಲ್ಲಿಂದ ಬಂತೆಂದು ನಾನು ಯೋಚಿಸುತ್ತಿರುವಾಗಲೇ, ಡೀಸೆಲ್ಲಿಗೆ ಕಿಲೋಮೀಟರ್ ಕಡಿಮೆ ಬಿತ್ತೆಂದು ತಮಗೂ ಮ್ಯಾನೇಜರರಿಂದ ದಿನಾ ಬೈಗುಳ ಎಂದು ಹೇಳಿಕೊಂಡರು. ನಾವಿಬ್ಬರೂ ಎಲ್ಲಿ ಬೇರೆಯಾದೆವು ಎಂದು ಆಗ ತಿಳಿಯಿತು. ಅಷ್ಟು ಕಾಳಜಿಯಿಂದ ಮಾತಾಡುತ್ತಿದ್ದವರನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ನನಗೇ ಸಮಾಧಾನ ಹೇಳಿದರು.

"ಹುಡುಗಗ ಕೆಎಂ ಬರಲಿಲ್ಲ ಅಂತ ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ, ಮೇಡಮ್ಮಾರ. ನಮ್ಮ ಡಿಪೋದಾಗ ಯಾರದೂ ಬರೂದಿಲ್ಲ."

೫. ತೋಟದ ಪರೀಕ್ಷೆ

ಕೊನೆಯ ಪರೀಕ್ಷೆಗೆ ಹೊರಗಿನ ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬಂದರು. ಸಫಾರಿ ಸೂಟು, ದಪ್ಪ ಕನ್ನಡಕ. ಅವರು ನಕ್ಕದ್ದನ್ನು ಯಾರೂ ನೋಡಿಲ್ಲ, ಫೇಲು ಮಾಡಿದ್ದನ್ನು ಬಹಳ ಜನ ನೋಡಿದ್ದಾರೆ ಎಂದು ಅವರಿಗಿಂತ ಮೊದಲೇ ಸುದ್ದಿ ಬಂದಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು, ವಿಷಯ ಉಳಿಯುವುದೂ ಬಿಡುವುದೂ ಇವತ್ತಿನ ಮೇಲಿದೆ ಎಂದು ಹೇಳಿದರು. ನೀವು ಚಹಾ ಕುಡಿದು ಆರಾಮ ಇರಿ, ನಾನಿದ್ದೇನೆ ಅಂದೆ.

ಪರೀಕ್ಷೆಗೆ ತಾಜಾ ಸೋನೆ ಬೇಕು. ದೊಡವಾಡದ ಹುಡುಗನೊಬ್ಬ ತನ್ನ ಊರಿನಲ್ಲಿ ದೊಡ್ಡ ಪಪ್ಪಾಯಿ ತೋಟ ಇದೆ, ತೋಟದ ಮಾಲೀಕರ ಮಗ ತನ್ನ ಗೆಳೆಯ, ಅವನನ್ನು ಕೇಳಿದ್ದೇನೆ ಎಂದಿದ್ದ. ಹೊತ್ತು ಮೂಡುವ ಮೊದಲಿನ ಬಸ್ಸಿಗೆ ಅವನು, ರಾಮದುರ್ಗದ ಹುಡುಗಿ, ಸವದತ್ತಿಯ ಹುಡುಗ ಮತ್ತು ಇನ್ನೊಬ್ಬಳು ಹೊಸ ಬ್ಲೇಡು, ಸ್ಟೀಲ್ ಡಬ್ಬಿ ಹಿಡಿದು ಹೋದರು. ಗೆಳೆಯ ಹೂಂ ಅಂದದ್ದು ನಿಜ. ತಂದೆಗೆ ಹೇಳದೆಯೇ ಬೆಳಗಾವಿಗೆ ಹೋದದ್ದೂ ಅಷ್ಟೇ ನಿಜ.

ಪರೀಕ್ಷೆ ಶುರುವಾಗುವ ಹೊತ್ತಿಗೆ ಆಫೀಸಿಗೆ ದೊಡವಾಡದ ಫೋನ್ ಬಂತು. ನಿಮ್ಮ ಕಾಲೇಜಿನವರು ನನ್ನ ತೋಟಕ್ಕೆ ಮಾಟ ಮಾಡಲು ಬಂದಿದ್ದಾರೆ, ಹಿಡಿದು ಕೂಡಿಸಿದ್ದೇನೆ, ದೊಡ್ಡವರು ಯಾರಾದರೂ ಬರಬೇಕು ಎಂದು ತೋಟದ ಮಾಲೀಕರು ಹೇಳಿ ಫೋನ್ ಇಟ್ಟರು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕುಸಿದರು. ನಾನು ಪ್ರೊಫೆಸರರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಾಲ್ವರನ್ನೂ ಗೈರುಹಾಜರಿ ಎಂದು ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಈ ಹುಡುಗರು ಎಲ್ಲಿದ್ದಾರೋ ಇವರ ಪರೀಕ್ಷೆ ಅಲ್ಲೇ ಆಗಲಿ, ಉಳಿದವರದು ಮರಳಿ ಬಂದಮೇಲೆ, ನಡೆಯಿರಿ ಎಂದರು. ಒಂದು ಟ್ರ್ಯಾಕ್ಸ್ ಜೀಪು ಹಿಡಿದು ಹೊರಟೆವು.

ತೋಟದಲ್ಲಿ ಅರ್ಧ ಊರು ಸೇರಿತ್ತು. ನಮ್ಮ ಕೈದಿಗಳು ಪಂಪಿನ ಖೋಲಿಯ ನೆರಳಿನಲ್ಲಿ ಗೋಣಿಚೀಲದ ಮೇಲೆ ಕುಳಿತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಹಿಡಿದು ಕೂಡಿಸಿದ್ದರೂ ಮನೆಗೆ ಬಂದವರನ್ನು ಉಪವಾಸ ಇಡಬಾರದು ಎಂದು ಮಾಲೀಕರ ಹೆಂಡತಿ ಕೊಟ್ಟಿದ್ದರು. ಮಾಲೀಕರು ರುಮಾಲು ಸರಿಮಾಡಿಕೊಂಡು ಬಂದು ಕಾಯಿಗಳ ಮೇಲಿನ ಗೆರೆ ತೋರಿಸಿದರು. ನಸುಕಿನಲ್ಲಿ ಬಂದು, ಬ್ಲೇಡಿನಿಂದ ಕೊರೆದು, ಹಾಲು ತೆಗೆಯುತ್ತಿದ್ದರಂತೆ. ಅದಾದರೂ ಹೋಗಲಿ, ಈ ಹುಡುಗಿ ಕಣ್ಣು ಮುಚ್ಚಿ ಬಾಯಲ್ಲಿ ಪಿಟಿಪಿಟಿ ಏನೋ ಅನ್ನುತ್ತಿದ್ದಳು ಎಂದು ರಾಮದುರ್ಗದವಳ ಕಡೆ ಬೆರಳು ಮಾಡಿದರು.

ಪ್ರೊಫೆಸರು ಅವಳನ್ನು, ಏನು ಅನ್ನುತ್ತಿದ್ದೆ ಎಂದು ಕೇಳಿದರು. ಇವತ್ತಿನ ಪರೀಕ್ಷೆಯ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೆ ಎಂದಳು. ಹೇಳು ನೋಡೋಣ ಎಂದರು. ಹುಡುಗಿ ತಟ್ಟೆ ಕೆಳಗಿಟ್ಟು, ಎದ್ದು ನಿಂತು, ಕಣ್ಣು ಮುಚ್ಚಿದಳು. ಸಿಸ್ಟೀನ್, ಫಾಸ್ಫೇಟ್, ಅಮೋನಿಯಂ ಸಲ್ಫೇಟ್, ಸೆಂಟ್ರಿಫ್ಯೂಜ್, ಡಯಾಲಿಸಿಸ್ ಎಂದು ಒಂದೇ ಉಸಿರಿನಲ್ಲಿ ಶುರುಮಾಡಿದಳು.

"ಕೇಳ್ರಿ," ಎಂದರು ಮಾಲೀಕರು. "ಇದನ್ನ ಅಂತಿದ್ಲು."

ಜನ ಎರಡು ಹೆಜ್ಜೆ ಹಿಂದೆ ಸರಿದರು.

ಪ್ರೊಫೆಸರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಕೆಯ ಉತ್ತರ ಸರಿ ಎಂದು ತಲೆಯಾಡಿಸಿ, ದೊಡವಾಡದ ಹುಡುಗನಿಗೆ ಎನ್‌ಝೈಮಿನ ಕೆಲಸ ತೋರಿಸು ಎಂದರು. ಅವನಿಗೆ ಅದೇ ಬೇಕಾಗಿತ್ತು. ಊರವರ ಮುಂದೆ ಮಾಟಗಾರ ಎನಿಸಿಕೊಂಡ ಸಿಟ್ಟು ಬೇರೆ ಇತ್ತು. ಉಗುರುಬೆಚ್ಚಗಿನ ಹಾಲು ತರಿಸಿ, ಇದು ಶುದ್ಧ ವಿಜ್ಞಾನ, ಎಲ್ಲರೂ ಹತ್ತಿರ ಬಂದು ನೋಡಿರಿ ಎಂದು ಕರೆದು, ಸೋನೆಯ ಒಂದು ಹನಿ ಬಿಟ್ಟು ಅಲುಗಾಡಿಸಿದ. ನೋಡನೋಡುತ್ತಿದ್ದ ಹಾಗೇ ಹಾಲು ಗಟ್ಟಿಯಾಗಿ ಒಡೆಯಿತು.

ಹತ್ತಿರ ಬಂದವರು ಈಗ ಟ್ರ್ಯಾಕ್ಸ್‌ನ ತನಕ ಹಿಂದೆ ಹೋದರು. ಮಂತ್ರ ಇಲ್ಲದೆ ಒಳ್ಳೆಯ ಹಾಲು ಹೀಗೆ ಒಡೆಯುವುದನ್ನು ಯಾರಾದರೂ ನೋಡಿದ್ದೀರಾ ಎಂದು ಮಾಲೀಕರು ಊರವರನ್ನೇ ಕೇಳಿದರು. ಯಾರೂ ನೋಡಿರಲಿಲ್ಲ.

ಇನ್ನು ನಾನೇ ಇಳಿಯಬೇಕಾಯಿತು. ಇದಕ್ಕೆ ಮಂತ್ರ ಬೇಡ, ಓದು ಬರಹವೂ ಬೇಡ, ಯಾರ ಕೈಯಿಂದ ಬಿದ್ದರೂ ಸೋನೆ ತನ್ನ ಕೆಲಸ ತಾನು ಮಾಡುತ್ತದೆ, ಮಂತ್ರ ಬರದವರು ಯಾರಾದರೂ ಮುಂದೆ ಬಂದು ಹಾಕಿ ನೋಡಿರಿ ಎಂದು ಜೋರಾಗಿ ಹೇಳಿದೆ. ಗಂಡಸರು ಒಬ್ಬರ ಹಿಂದೆ ಒಬ್ಬರು ನಿಂತರು. ಕೊನೆಗೆ ಮಾಲೀಕರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದರು. ಕೊಡು ಇಲ್ಲಿ ಎಂದು ಹುಡುಗನ ಕೈಯಿಂದ ಡಬ್ಬಿ ಕಸಿದುಕೊಂಡರು. ಹನಿಗಿನಿ ಎಣಿಸುವ ಗೋಜಿಗೆ ಹೋಗದೆ, ಚಮಚದಿಂದ ತೆಗೆದು ಹಾಲಿನ ಚರಿಗೆಗೆ ಸುರಿದು ತಿರುವಿದರು. ಹುಡುಗನದಕ್ಕಿಂತ ಬೇಗ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಒಡೆಯಿತು.

ಮಾಲೀಕರು ಚರಿಗೆ ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಪ್ರೊಫೆಸರ ಹತ್ತಿರ ಬಂದು, ಗಂಡಸು ಗಂಡಸಿಗೆ ಹೇಳುವ ದನಿಯಲ್ಲಿ ಹೇಳಿದರು.

"ಇಷ್ಟು ವರ್ಷ ಸಂಸಾರ ಮಾಡೇನ್ರಿ, ಸಾಹೇಬ್ರ. ಈಕಿಗೆ ಇದು ಬರತದ ಅಂತ ನನಗ ಒಮ್ಮಿನೂ ಹೇಳಿಲ್ಲ ನೋಡ್ರಿ."

ಮೊದಲು ಪ್ರೊಫೆಸರ ಭುಜ ಅಲುಗಾಡಿತು. ಆಮೇಲೆ ಕನ್ನಡಕ ತೆಗೆದರು. ಆಮೇಲೆ ಬದುವಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾಲ್ವರನ್ನೂ ಅಲ್ಲೇ ಸಾಲಾಗಿ ನಿಲ್ಲಿಸಿ ಉಳಿದ ಪ್ರಶ್ನೆಗಳನ್ನು ಕೇಳಿದರು. ಹುಡುಗರು ಹೊಟ್ಟೆ ತುಂಬಿದ್ದರಿಂದಲೋ ಏನೋ ಒಂದೂ ತಪ್ಪಲಿಲ್ಲ. ಇಂಥ ಬ್ಯಾಚು ಇರುವ ವಿಷಯವನ್ನು ಯಾರು ಮುಚ್ಚುತ್ತಾರೆ, ನಿಮ್ಮ ಪ್ರಿನ್ಸಿಪಾಲರಿಗೆ ನಾನು ಹೇಳುತ್ತೇನೆ ಎಂದು ನನಗೆ ಮಾತು ಕೊಟ್ಟರು. ಕೊಟ್ಟ ಹಾಗೆ ಹೇಳಿದರು ಕೂಡ.

ಮಾಟ ಅಲ್ಲವೆಂದು ಮಾಲೀಕರಿಗೂ ಕೊನೆಗೆ ಒಪ್ಪಿಗೆಯಾಯಿತು. ಬೇಕಾದಾಗ ಬಂದು ಸೋನೆ ಒಯ್ಯಿರಿ, ಆದರೆ ಬಾಯಿ ಮುಚ್ಚಿಕೊಂಡು ತೆಗೆಯಿರಿ ಎಂದರು. ಅಷ್ಟರಲ್ಲಿ ಅವರ ಹೆಂಡತಿ ಎಲ್ಲರಿಗೂ ಚಹಾ ತಂದರು. ಪ್ರೊಫೆಸರು ಕುಡಿದರು, ನಾನು ಕುಡಿದೆ, ಹುಡುಗರು ಎರಡೆರಡು ಸಲ ಕುಡಿದರು. ಮಾಲೀಕರು ಮಾತ್ರ ಬಸಿಯಲ್ಲಿ ಸುರಿದುಕೊಂಡ ಚಹಾವನ್ನು ಮುಖದ ಹತ್ತಿರ ಹಿಡಿದು, ಊದುತ್ತಲೂ ಇಲ್ಲ, ಕುಡಿಯುತ್ತಲೂ ಇಲ್ಲ, ಸುಮ್ಮನೆ ಒಳಗೆ ನೋಡುತ್ತ ಕುಳಿತಿದ್ದರು.

ಹೆಂಡತಿ ಖಾಲಿ ಕಪ್ಪು ಎತ್ತಿಕೊಳ್ಳುತ್ತ, ಅವರ ಕಡೆ ತಿರುಗಿಯೂ ನೋಡದೆ ಹೇಳಿದರು.

"ಕುಡೀರಿ. ನಿಮಗ ಹಾಕೂದಿದ್ರ ಯಾವಾಗೋ ಹಾಕತಿದ್ನಿ."